ಒಳಗಿದ್ದವರಿಗೆ ಕಾಣದ ಪುಟ

ಅಂಗಡಿಯ ಕಿಟಕಿಯಲ್ಲಿ ಮರದ ತಲೆಗಳು ಸಾಲಾಗಿ ಕೂತಿರುತ್ತಿದ್ದವು. ಕಣ್ಣಿಲ್ಲ, ಬಾಯಿಲ್ಲ, ಕೂದಲು ಮಾತ್ರ. ಕಾಯಿಲೆಯಿಂದಲೋ ಔಷಧಿಯಿಂದಲೋ ಕೂದಲು ಕಳೆದುಕೊಂಡ ಹೆಂಗಸರು ಆ ಕಿಟಕಿಯನ್ನು ಒಂದೆರಡು ಸಲ ಸುಮ್ಮನೆ ಹಾದುಹೋಗಿ, ಆಮೇಲೆ ಧೈರ್ಯ ಮಾಡಿ ಬಾಗಿಲು ತಳ್ಳುತ್ತಿದ್ದರು. ಬಂದವರನ್ನು ಕೂರಿಸಿ, ನಾಲ್ಕು ಮಾತಾಡಿ ನಗಿಸಿ, ತಲೆಯ ಅಳತೆ ತೆಗೆಯುವುದು ಅಕ್ಕನ ಕೆಲಸ. ಪರದೆಯ ಹಿಂದೆ ಕೂತು, ತಲೆಯಾಕಾರದ ಬಲೆಗೆ ಕೊಕ್ಕೆಸೂಜಿಯಿಂದ ಒಂದೊಂದೇ ಕೂದಲನ್ನು ಗಂಟು ಹಾಕಿ ವಿಗ್ ಮಾಡುವುದು ತಂಗಿಯ ಕೆಲಸ. ಬಾಯಿ ಅಕ್ಕನದು, ಕೈ ತಂಗಿಯದು. ಹೀಗೇ ಅಂಗಡಿ ನಡೆದುಕೊಂಡು ಬಂದಿತ್ತು.

ತಂಗಿಯನ್ನು ಮನೆಯಲ್ಲಿ ಗುಬ್ಬಿ ಎಂದು ಕರೆಯುತ್ತಿದ್ದರು. ತಲೆ ತಗ್ಗಿಸಿಕೊಂಡು ಕುಕ್ಕುತ್ತಾ ಕೂತರೆ ಪಕ್ಕದಲ್ಲಿ ಮನೆ ಬಿದ್ದರೂ ಗೊತ್ತಾಗದ ಹೆಂಗಸು ಅವಳು. ಅಕ್ಕನ ಕೋಪವೋ, ಮೂಗಿನ ತುದಿಯಲ್ಲೇ ವಾಸ.

ಒಂದು ದಿನ ಗಿರಾಕಿಯೊಬ್ಬಳು ವಿಗ್ಗನ್ನು ತಂದು ಮೇಜಿನ ಮೇಲೆ ಎಸೆದಳು. ಅವಳು ಒಲೆಯ ಮುಂದೆ ಬಗ್ಗಿದಾಗ ಅದರ ಮುಂಗೂದಲು ಸುರುಟಿಕೊಂಡು ಅಂಟಂಟಾಗಿತ್ತು. ನಿಜವಾದ ಕೂದಲು ಶಾಖಕ್ಕೆ ಹಾಗೆ ಕರಗುವುದಿಲ್ಲ, ಪ್ಲಾಸ್ಟಿಕ್ ಕೂದಲು ಕರಗುತ್ತದೆ. ಕೂತಿದ್ದ ಬೇರೆ ಗಿರಾಕಿಗಳ ಎದುರಿಗೇ ಅಕ್ಕ ಪರದೆ ಸರಿಸಿದಳು.

"ಏನು ಬೆರೆಸಿದ್ಯೇ ಇದಕ್ಕೆ?"

"ನಾನೇನೂ ಬೆರೆಸಿಲ್ಲ ಅಕ್ಕ. ಬಂದ ಕೂದಲಿನ ಕಟ್ಟಿನಲ್ಲೇ ಇತ್ತೋ ಏನೋ."

"ಕಟ್ಟಿಗೆ ಬಾಯಿಲ್ಲ ನೋಡು, ಅದರ ಮೇಲೆ ಹಾಕು."

ಗುಬ್ಬಿ ಸೂಜಿಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಎದ್ದು ಹೋದಳು. ಅಷ್ಟಕ್ಕೇ ನಿಂತಿದ್ದರೆ ಎಲ್ಲ ತಣ್ಣಗಾಗುತ್ತಿತ್ತೇನೋ. ಆದರೆ ಅವಳು ತನ್ನ ಮನೆಯ ಅಡುಗೆಮನೆಯಲ್ಲೇ ಕೂತು ಕೆಲಸ ಶುರುಮಾಡಿದಳು. ಹಳೆಯ ಗಿರಾಕಿಗಳು ಒಬ್ಬೊಬ್ಬರಾಗಿ ಅಲ್ಲಿಗೆ ಹೊರಟರು. ಅಕ್ಕನ ಹೊಟ್ಟೆ ಉರಿದದ್ದು ಆಗ.

ಅಂಗಡಿಯ ವೆಬ್‌ಸೈಟ್ ನೋಡಿಕೊಳ್ಳುತ್ತಿದ್ದವನು ಅಕ್ಕನ ಮೈದುನ, ಐವತ್ತು ದಾಟಿದ ತಮಾಷೆಯ ಮನುಷ್ಯ. ಫೋಟೋಗಳೇ ತುಂಬಿದ್ದ ಆ ವೆಬ್‌ಸೈಟ್ ತೆರೆದುಕೊಳ್ಳುವಷ್ಟರಲ್ಲಿ ಗಿರಾಕಿಗೆ ಹೊಸ ಕೂದಲೇ ಬಂದಿರುತ್ತದೆ ಎಂದು ಅವನೇ ಹಾಸ್ಯ ಮಾಡಿ, ಬೇಗ ತೆರೆಯಲೆಂದು ಅದಕ್ಕೊಂದು ಕ್ಯಾಶ್ ಪ್ಲಗಿನ್ ಜೋಡಿಸಿದ್ದ. ಹಾಗೆಂದರೇನು ಎಂದು ಅಕ್ಕ ಕೇಳಿದ್ದಳು.

"ಬಂದವರಿಗೆಲ್ಲ ಆಗಿಂದಾಗ್ಗೆ ಒಲೆ ಹಚ್ಚೋ ಬದಲು, ಮೊದಲೇ ಅಡುಗೆ ಮಾಡಿ ಡಬ್ಬಿ ತುಂಬಿಟ್ಟ ಹಾಗೆ ಅತ್ತಿಗೆ. ಒಂದೊಂದು ಪುಟಕ್ಕೂ ಒಂದೊಂದು ನಕಲು ಸಿದ್ಧವಾಗಿರುತ್ತೆ. ಕೇಳಿದವರ ಕೈಗೆ ಥಟ್ಟಂತ ಡಬ್ಬಿ."

"ಹಳಸದಿದ್ರೆ ಸರಿ."

"ಹಳಸೋಕೆ ಬಿಡ್ತೀನಾ? ಬದಲಾಯಿಸೋದಿದ್ರೆ ನನಗೆ ಹೇಳಿ," ಎಂದಿದ್ದ. ಅಕ್ಕ ಆಗ ಯಾರದೋ ತಲೆಗೆ ಟೇಪು ಸುತ್ತುತ್ತಿದ್ದಳು. ಒಂದು ಕಿವಿಯಿಂದ ಹೊಕ್ಕದ್ದು ಇನ್ನೊಂದರಿಂದ ಹೊರಟುಹೋಯಿತು.

ಆ ಮೈದುನನನ್ನೇ ಕರೆಸಿ ಅಕ್ಕ ಸಾಲುಗಳನ್ನು ಹೇಳಿ ಬರೆಸಿದಳು. ಈ ಹಿಂದೆ ನಮ್ಮಲ್ಲಿದ್ದ ನನ್ನ ತಂಗಿಗೂ ಈ ಅಂಗಡಿಗೂ ಯಾವ ಸಂಬಂಧವೂ ಇಲ್ಲ, ಕಲಬೆರಕೆ ಕೂದಲಿನ ಕೆಲಸಕ್ಕಾಗಿ ಅವಳನ್ನು ಬಿಡಿಸಲಾಗಿದೆ, ಯಾರೂ ಮೋಸ ಹೋಗಬಾರದು.

"ಊಟ ಮಾಡ್ಕೊಂಡು ಬನ್ನಿ ಅತ್ತಿಗೆ," ಎಂದ ಮೈದುನ. "ಹೊಟ್ಟೆ ತುಂಬಿದ ಮೇಲೂ ಇದೇ ಮಾತು ಬಂದ್ರೆ ಹಾಕೋಣ."

"ನೀನು ಹಾಕ್ತೀಯೋ, ಬೇರೆಯವರ ಕೈಲಿ ಹಾಕಿಸ್ಲೋ?"

ಅವನು ಹಾಕಿದ. ಪ್ರತಿ ಪುಟದ ನೆತ್ತಿಯ ಮೇಲೂ ಬರುವಂತೆ, ಕೆಂಪು ಪಟ್ಟಿಯಲ್ಲಿ.

ಗುಬ್ಬಿಯ ಅಡುಗೆಮನೆಗೆ ಹೋಗುತ್ತಿದ್ದ ದಾರಿ ಖಾಲಿಯಾಯಿತು. ಅಕ್ಕನಿಗೆ ಸಮಾಧಾನವಾಯಿತೇ ಎಂದರೆ, ಆಯಿತು. ಸುಳ್ಳೇಕೆ ಹೇಳಬೇಕು.

ಚಳಿ ಕಳೆಯುವ ಹೊತ್ತಿಗೆ ಎಂದಿನ ವ್ಯಾಪಾರಿಯಿಂದ ಹೊಸ ಕೂದಲಿನ ಕಟ್ಟುಗಳು ಬಂದವು. ಬಿಚ್ಚಿರದ ಕಟ್ಟೊಂದರಿಂದ ಅಕ್ಕ ಒಂದು ಎಳೆ ಎಳೆದು, ಯಾಕೋ ಏನೋ, ಮೇಣದಬತ್ತಿಗೆ ಹಿಡಿದಳು. ನಿಜದ ಕೂದಲಾದರೆ ಉರಿದು ಬೂದಿಯಾಗಬೇಕು. ಅದು ಕರಗಿ, ತುದಿಯಲ್ಲಿ ಕಪ್ಪು ಮಣಿಯಾಗಿ ನಿಂತಿತು. ಇನ್ನೊಂದು ಎಳೆದಳು, ಬೂದಿ. ಮತ್ತೊಂದು, ಮಣಿ. ತಂಗಿ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಬೆರೆಸಿದ್ದು ಮಾರಿದವನು. ಅಕ್ಕ ಆ ಮಣಿಯನ್ನು ಉಗುರಿನಿಂದ ಉರುಳಿಸುತ್ತಲೇ ತಂಗಿಗೆ ಫೋನ್ ಮಾಡಿದಳು.

"ಗುಬ್ಬಿ, ನನ್ನದೇ ತಪ್ಪು ಕಣೇ. ಹೊಟ್ಟೆಗೆ ಹಾಕ್ಕೊ."

ಆ ಕಡೆ ನಲ್ಲಿ ನೀರು ಬೀಳುತ್ತಿತ್ತು. ಅದನ್ನು ನಿಲ್ಲಿಸಿದ ಸದ್ದಾಯಿತು.

"ಕೈ ಮುಗಿಯೋದು ಕಾಲು ಹಿಡಿಯೋದು ಎಲ್ಲ ಬೇಡ ಅಕ್ಕ. ಎಲ್ಲಿ ಬರೆಸಿದ್ಯೋ ಅಲ್ಲಿಂದ ಅಳಿಸು. ಅಳಿಸಿದ ದಿನ ನಾನೇ ಸೂಜಿ ಎತ್ಕೊಂಡು ಬರ್ತೀನಿ."

ಮೈದುನನಿಗೆ ಹೇಳಬಹುದಿತ್ತು. ಆದರೆ ಊಟ ಮಾಡಿ ಬನ್ನಿ ಎಂದವನ ಮುಂದೆ ಯಾವ ಮುಖ ಹೊತ್ತು ನಿಲ್ಲುವುದು? ಅವನು ಮಾಡುವುದನ್ನು ಅಕ್ಕ ಹಿಂದೆ ನಿಂತು ನೋಡಿದ್ದಳು. ಅಂಗಡಿಯ ಕಂಪ್ಯೂಟರಿನಲ್ಲೂ ಅವಳ ಫೋನಿನಲ್ಲೂ ಅವನು ಪಾಸ್‌ವರ್ಡ್ ಹಾಕಿಯೇ ಇಟ್ಟಿದ್ದ, ವೆಬ್‌ಸೈಟಿನ ಒಳಬಾಗಿಲು ಅವಳಿಗೆ ಸದಾ ತೆರೆದೇ ಇರುತ್ತಿತ್ತು. ಹುಡುಕಿ, ತಡಕಾಡಿ, ಕೆಂಪು ಪಟ್ಟಿಯ ಸಾಲುಗಳನ್ನು ತಾನೇ ಅಳಿಸಿ ಸೇವ್ ಮಾಡಿದಳು. ವೆಬ್‌ಸೈಟ್ ತೆರೆದು ನೋಡಿದಳು. ಪುಟದ ನೆತ್ತಿ ಬೋಳಾಗಿತ್ತು.

"ಅಳಿಸಿದೆ, ನೋಡ್ಕೊ," ಎಂದು ತಂಗಿಗೆ ಹೇಳಿದಳು.

ಮಧ್ಯಾಹ್ನ ತಂಗಿಯೇ ಫೋನ್ ಮಾಡಿದಳು. "ಎಲ್ಲಿ ಅಳಿಸಿದ್ಯಾ ಅಕ್ಕ? ಹಾಗೇ ಇದೆಯಲ್ಲ."

"ಕಣ್ಣೆದುರಿಗೇ ಇಟ್ಕೊಂಡಿದೀನಿ ಕಣೇ. ಒಂದಕ್ಷರ ಇಲ್ಲ."

"ನಾನೂ ಕಣ್ಣೆದುರಿಗೇ ಇಟ್ಕೊಂಡಿದೀನಿ."

ತಂಗಿ ತನ್ನ ಫೋನಿನ ಪರದೆಯ ಚಿತ್ರ ಕಳಿಸಿದಳು. ಕೆಂಪು ಪಟ್ಟಿ, ಅದೇ ಸಾಲುಗಳು. ಅಕ್ಕ ಮತ್ತೆ ಕಂಪ್ಯೂಟರ್ ನೋಡಿದಳು, ಇಲ್ಲ. ತನ್ನ ಫೋನಿನಲ್ಲಿ ನೋಡಿದಳು, ಅಲ್ಲೂ ಇಲ್ಲ. ಎರಡು ಕಡೆ ಇಲ್ಲದ್ದು ಮೂರನೆಯ ಕಡೆ ಹೇಗಿರುತ್ತದೆ? ಹಳೆಯ ಚಿತ್ರ ಇಟ್ಟುಕೊಂಡು ಆಟವಾಡಿಸುತ್ತಿದ್ದಾಳೆ, ತಪ್ಪೊಪ್ಪಿಕೊಂಡವಳನ್ನು ಇನ್ನಷ್ಟು ಬಗ್ಗಿಸಬೇಕೆಂದಿದ್ದಾಳೆ ಎಂದು ಅನ್ನಿಸಿತು. ಅನ್ನಿಸಿದ್ದೇ ತಡ, ಬಾಯಿಗೆ ಬಂತು.

"ಎಷ್ಟು ಸಲ ಬಗ್ಗಬೇಕು ನಿನ್ನ ಮುಂದೆ? ಹಳೇ ಫೋಟೋ ಕಳಿಸಿ ಸುಳ್ಳು ಹೇಳ್ತೀಯಲ್ಲ. ಅವತ್ತೂ ಸುಳ್ಳೇ ಹೇಳಿರ್ತೀಯ ಅನ್ನಿಸುತ್ತೆ ಈಗ."

ಮಣಿಯಾದ ಕೂದಲನ್ನು ತನ್ನ ಕಣ್ಣಾರೆ ಕಂಡವಳು ಆಡಿದ ಮಾತು ಇದು. ಆಡಿದ ಮೇಲೆ ನಾಲಗೆ ಕಚ್ಚಿಕೊಂಡಳು. ಅಷ್ಟರಲ್ಲಿ ಫೋನ್ ಕಟ್ಟಾಗಿತ್ತು.

ಬೇಸಿಗೆ ಹೋಯಿತು. ತಂಗಿಯ ಫೋನ್ ಬರಲಿಲ್ಲ. ಅಕ್ಕ ದಿನಾ ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ವೆಬ್‌ಸೈಟ್ ತೆರೆಯುವಳು, ಬೋಳು ನೆತ್ತಿ ನೋಡುವಳು, ನನ್ನದೇನೂ ಬಾಕಿಯಿಲ್ಲ ಎಂದುಕೊಳ್ಳುವಳು. ಹೊಲಿಗೆ ಬಲ್ಲ ಹೆಂಗಸೊಬ್ಬಳನ್ನು ಪರದೆಯ ಹಿಂದೆ ಕೂರಿಸಿದಳು. ಅವಳ ಗಂಟು ಗಟ್ಟಿ, ಆದರೆ ಅವಳು ಮಾಡಿದ ಬೈತಲೆ ಬೈತಲೆಯಂತೆ ಕಾಣದೆ ಗೋಣಿಚೀಲದ ಹೊಲಿಗೆಯಂತೆ ಕಾಣುತ್ತಿತ್ತು.

ಆಮೇಲೊಂದು ದಿನ ತಲೆಗೆ ಬಟ್ಟೆ ಕಟ್ಟಿಕೊಂಡ ಶಾಲಾ ಟೀಚರ್ ಒಬ್ಬರು ಬಂದರು. ಅಳತೆ ಕೊಡುತ್ತಾ ಹೇಳಿದರು: "ನಮ್ಮಮ್ಮನಿಗೆ ಮಾಡಿಕೊಟ್ಟಿದ್ದು ನಿಮ್ಮ ತಂಗಿ. ಬೀಗರ ಮುಂದೆ ಕೂತಿದ್ರೂ ಯಾರಿಗೂ ಗೊತ್ತಾಗ್ಲಿಲ್ಲ. ಅವರ ಹತ್ರಾನೇ ಹೋಗೋಣ ಅಂತ ಹೊರಟಿದ್ದೆ, ನಿಮ್ಮ ವೆಬ್‌ಸೈಟ್ ನೋಡಿ ಹೆದರಿಕೆ ಆಯ್ತು."

ಅಕ್ಕನ ಕೈಯಲ್ಲಿದ್ದ ಟೇಪು ನಿಂತಿತು. "ಅದನ್ನ ಯಾವಾಗ ನೋಡಿದ್ರಿ?"

"ಈಗ್ಲೇ, ಬಸ್ಸಲ್ಲಿ."

ಟೀಚರು ಫೋನ್ ತೆಗೆದು ತೋರಿಸಿದರು. ಕೆಂಪು ಪಟ್ಟಿ, ಅದೇ ಸಾಲುಗಳು. ಅಕ್ಕ ಪಕ್ಕದಲ್ಲಿದ್ದ ಕಂಪ್ಯೂಟರ್ ನೋಡಿದಳು, ಅಲ್ಲಿ ಇಲ್ಲ. ಟೀಚರ ಫೋನ್ ನೋಡಿದಳು, ಅಲ್ಲಿ ಇದೆ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂದು ಅಕ್ಕತಂಗಿಯರ ತಾಯಿ ಇಬ್ಬರಿಗೂ ಜಡೆ ಹಾಕುತ್ತಾ ಹೇಳುತ್ತಿದ್ದಳು.

ಅಕ್ಕ ಕರೆಸಿದಾಗ ಮೈದುನ ಬಂದು ಎರಡನ್ನೂ ನೋಡಿ ತಲೆ ಕೆರೆದುಕೊಂಡ. "ನೀವು ಅಳಿಸಿದ್ದು ಅಡುಗೆಮನೇಲಿ ಅತ್ತಿಗೆ. ಡಬ್ಬಿಗಳನ್ನ ಯಾರೂ ಖಾಲಿ ಮಾಡಿಲ್ಲ. ಬೇಗ ತೆರೀಲಿ ಅಂತ ನಾನೇ ಹಾಗಿಟ್ಟಿದ್ದೆ, ನಾನು ಹೊಸದು ಮಾಡು ಅನ್ನೋ ತನಕ ಹಳೇ ನಕಲೇ ಹಂಚುತ್ತೆ. ಪಾಸ್‌ವರ್ಡ್ ಹಾಕಿ ಒಳಗಿರೋ ನಮಗೆ ಮಾತ್ರ ಬಿಸಿಬಿಸಿ ಕಾಣುತ್ತೆ. ಹೊರಗಿನವರಿಗೆಲ್ಲ ಅವತ್ತಿನ ಡಬ್ಬೀನೇ."

"ಗುಬ್ಬಿ ಹೊರಗಿದ್ದಳು," ಎಂದಳು ಅಕ್ಕ.

"ನನಗೆ ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ?"

ಅಕ್ಕ ಕುರ್ಚಿಯನ್ನು ಅವನಿಗೆ ಬಿಟ್ಟುಕೊಟ್ಟಳು. ಅವನು ಒಂದು ಬಟನ್ ಒತ್ತಿದ. ಟೀಚರು ತಮ್ಮ ಫೋನಿನಲ್ಲಿ ಪುಟವನ್ನು ಮತ್ತೆ ತೆರೆದರೆ ಪಟ್ಟಿ ಮಾಯವಾಗಿತ್ತು. ಅಷ್ಟೇ ಕೆಲಸ.

ಟೀಚರಿಗೆ ಅಕ್ಕ ಕರಗಿದ ಕೂದಲಿನ ವಿಷಯವನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದಳು. "ಹಾಗಾದ್ರೆ ನನ್ನದನ್ನ ಅವರೇ ಮಾಡ್ಲಿ, ನಾನು ಕಾಯ್ತೀನಿ," ಎಂದರು ಟೀಚರು. ಮೈದುನ ಬರುವಷ್ಟರಲ್ಲಿ ಅವರ ಅಳತೆಯ ಬಲೆಗೆ ಹೊಲಿಗೆಯ ಹೆಂಗಸು ಬೈತಲೆ ಶುರುಮಾಡಿಬಿಟ್ಟಿದ್ದಳು. ಅದನ್ನು ಮರದ ತಲೆಯ ಸಮೇತ ಚೀಲಕ್ಕೆ ಹಾಕಿಕೊಂಡು ಅಕ್ಕ ತಂಗಿಯ ಮನೆಗೆ ಹೋದಳು.

ಗುಬ್ಬಿ ಆಗತಾನೇ ಕೆಲಸದಿಂದ ಬಂದಿದ್ದಳು. ಆಸ್ಪತ್ರೆಯ ಹಾಸು ಹೊದಿಕೆಗಳನ್ನು ಒಗೆಯುವ ಕಡೆ ಸೇರಿಕೊಂಡಿದ್ದಳು. ಬೆರಳುಗಳು ಬಿಳುಚಿಕೊಂಡು ತುದಿಯಲ್ಲಿ ಸೀಳಿದ್ದವು. ಒಳಗೆ ಬಾ ಎಂದಳು, ನೀರು ಕೊಟ್ಟಳು. ಅಕ್ಕ ಡಬ್ಬಿ, ನಕಲು, ಬಟನ್ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಫೋನ್ ಮುಂದೆ ಹಿಡಿದಳು.

"ನೋಡೇ, ಈಗ ನಿಜವಾಗ್ಲೂ ಇಲ್ಲ. ಆ ಯಂತ್ರ ಮಾಡಿದ ಕೆಲಸ ಅದು."

ಗುಬ್ಬಿ ಫೋನಿನ ಕಡೆ ತಿರುಗಲಿಲ್ಲ.

"ಪಟ್ಟಿ ಉಳಿದದ್ದು ಯಂತ್ರದ ಕೆಲಸ ಅಕ್ಕ. ಒಪ್ಪಿದೆ. ಅವತ್ತು ಫೋನಲ್ಲಿ ನನ್ನನ್ನ ಸುಳ್ಳಿ ಅಂದಿದ್ದು ಯಾವ ಯಂತ್ರ?"

ಅಕ್ಕ ಫೋನನ್ನು ಚೀಲಕ್ಕೆ ಹಾಕಿದಳು.

"ಅಳಿಸಿದ ದಿನ ಬರ್ತೀನಿ ಅಂದಿದ್ಯಲ್ಲೇ," ಎಂದಳು.

"ಅಂದಿದ್ದೆ. ಅಳಿಸಿದ ದಿನ ನೀನು ನನ್ನ ಮಾತು ನಂಬಿದ್ರೆ ಬರ್ತಿದ್ದೆ."

ಅಕ್ಕ ಚೀಲದಿಂದ ಮರದ ತಲೆ ತೆಗೆದು ಮೇಜಿನ ಮೇಲಿಟ್ಟಳು. ಕೆಲಸ ಕಂಡರೆ ಕೈ ಸುಮ್ಮನಿರದು, ಗುಬ್ಬಿ ಅದನ್ನು ಬೆಳಕಿಗೆ ತಿರುಗಿಸಿದಳು. ಹೆಬ್ಬೆರಳಿನಿಂದ ಬೈತಲೆಯ ಮೇಲೆ ಸವರಿದಳು. ಬಲೆಯ ಎಳೆ ಅವಳ ಸೀಳಿದ ಬೆರಳಿಗೆ ಸಿಕ್ಕಿಕೊಂಡಿತು. ಮೆಲ್ಲಗೆ ಬಿಡಿಸಿಕೊಂಡಳು.

"ಬೈತಲೆ ವಾರೆಯಾಗಿದೆ. ಪೂರ್ತಿ ಬಿಚ್ಚಿಸು," ಎಂದು ಚೀಲಕ್ಕೆ ತಾನೇ ತುಂಬಿ ಕೊಟ್ಟಳು. ಬಾಗಿಲ ತನಕ ಬಂದು, ಮೆಟ್ಟಿಲು ಜಾರುತ್ತೆ, ನೋಡಿಕೊಂಡು ಇಳಿ ಎಂದಳು. ಅಕ್ಕ ಕೆಳಗಿಳಿದು ತಿರುಗಿ ನೋಡುವಾಗ ಬಾಗಿಲು ಹಾಕಿತ್ತು.

ಅಂಗಡಿಯಲ್ಲಿ ಕಂಪ್ಯೂಟರ್ ಬೆಳಗುತ್ತಿತ್ತು. ಅಕ್ಕ ಅದನ್ನು ಆರಿಸಿದಳು. ಹೊಲಿಗೆಯ ಹೆಂಗಸನ್ನು ಮನೆಗೆ ಕಳಿಸಿ, ಪರದೆಯ ಹಿಂದೆ ತಂಗಿ ಕೂರುತ್ತಿದ್ದ ಜಾಗದಲ್ಲಿ ಮೊದಲ ಸಲ ತಾನು ಕೂತು, ಮರದ ತಲೆಯನ್ನು ಮೊಣಕಾಲ ನಡುವೆ ಹಿಡಿದು, ವಾರೆಯಾದ ಗಂಟುಗಳನ್ನು ಬಿಚ್ಚತೊಡಗಿದಳು. ಒಂದು ಗಂಟಿಗೆ ಇಷ್ಟು ಹೊತ್ತು ಹಿಡಿಯುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.