ಹದಿನೇಳನೆಯ ಸಾಲು

"ಈ ಸೋಮಶೇಖರ ಮುರಿಗೆಪ್ಪ ಅಂದ್ರ ಯಾರ್ರಿ, ಅಕ್ಕಾರ?" ವಕೀಲ ಶಿವಕುಮಾರನ ಬೆರಳು ಸಹಿ ಹಾಳೆಯ ಹದಿನೇಳನೆಯ ಸಾಲಿನ ಮೇಲೆ ನಿಂತಿತ್ತು.

ದಾಕ್ಷಾಯಿಣಿ ಬಗ್ಗಿ ನೋಡಿದಳು. ಹೆಸರಿನ ಮುಂದೆ ನೀಲಿ ಹೆಬ್ಬೆಟ್ಟು.

"ನಮ್ಮ ಮನಿಯವ್ರು."

"ಅಂದ್ರ... ಕಳದವ್ರು?"

ಅವಳು ತಲೆಯಾಡಿಸಿದಳು.

ನಾಲ್ಕು ವರ್ಷದ ಹಿಂದೆ ಸೋಮಶೇಖರ ಕೊಲ್ಲಿಯ ಕಡೆಯ ಸರಕು ಹಡಗೊಂದರಲ್ಲಿ ಅಡುಗೆಯವನಾಗಿ ಸೇರಿದ್ದ. ಹತ್ತನೆಯ ತಿಂಗಳಿಗೆ ಫೋನು ನಿಂತಿತು. ಅವಳ ಅರ್ಜಿಗೆ ದಿಲ್ಲಿಯ ಒಂದು ಖಾತೆ ಇನ್ನೊಂದರ ವಿಳಾಸ ಕೊಟ್ಟಿತು, ಅದು ಮೂರನೆಯದರದ್ದು, ಮೂರನೆಯದು ತಿರುಗಿ ಮೊದಲನೆಯದರದ್ದು. ಪರದೇಶದಲ್ಲಿ ಕಳೆದವರನ್ನು ಹುಡುಕುವುದು ಯಾರ ಕೆಲಸವೂ ಅಲ್ಲವೆಂದು ಅವಳಿಗೆ ಆಗ ತಿಳಿಯಿತು. ಮೂರೂ ಕಡೆ ಹಂಚಿಹೋದ ಆ ಕೆಲಸವನ್ನು ಕೂಡಿಸಿ ಒಂದೇ ಖಾತೆ ಕಟ್ಟಬೇಕು, ಅದಕ್ಕೊಬ್ಬ ಮಂತ್ರಿ ಇರಬೇಕು ಎಂದು ಅರ್ಜಿ ಬರೆಸಿದಳು. ಮೇಲವಂಕಿಯ ಮನೆಯಲ್ಲಿ ಹೊಲಿಗೆ ಮಷಿನ್ನು ಮುಚ್ಚಿಟ್ಟು ಮೂಡಲಗಿಯ ಸಂತೆ, ಹುಕ್ಕೇರಿಯ ಬಸ್ ನಿಲ್ದಾಣ ತಿರುಗಿದಳು. "ಇದ್ದ ಮಂತ್ರಿಗೋಳು ಸಾಲವಲ್ರಂತ ಇನ್ನೊಬ್ಬನ್ನ ಹುಟ್ಟಸಾಕ ಹೊಂಟೀಯೇನ ತಂಗಿ?" ಎಂದು ನಕ್ಕವರೂ ಸಹಿ ಹಾಕಿದರು. ಸಾವಿರದ ನೂರಾ ಹನ್ನೆರಡು ಸಹಿ. ಇಂದು ಗೋಕಾಕದಿಂದಲೇ ಅಂಚೆಗೆ ಹಾಕುವುದಿತ್ತು.

"ಈ ಹೆಸರು ಹೊಡದ್ ಹಾಕ್ರಿ," ಎಂದ ಶಿವಕುಮಾರ. "ದಿಲ್ಲ್ಯಾಗ ಒಬ್ಬ ಬೆರಕಿ ಕಾರಕೂನ ಇದ್ರ ಸಾಕು. ಸಹಿ ಮಾಡ್ಯಾನಂದ್ರ ಮನ್ಯಾಗ ಅದಾನ, ಇನ್ನ ಯಾರನ್ನ ಹುಡಕೂದು ಅಂತ ಇಡೀ ಕಟ್ಟು ತಿರುಗಿ ಕಳಸ್ತಾನ."

ಕೋರ್ಟಿನೆದುರಿನ ಆ ಕಚೇರಿಯ ಬಾಗಿಲ ಬಳಿಯ ಬೆಂಚಿನ ಮೇಲೆ ಅತ್ತೆ ಶೆಟ್ಟೆವ್ವ ಕುಳಿತಿದ್ದಳು.

"ಅತ್ತೀ, ಈ ಹೆಬ್ಬಟ್ಟು ನಿಮ್ದೇನ್ರಿ?"

"ನಂದ. ಸೋಮವಾರ ನೀ ಸಹಿ ಕೇಳಾಕ ದಡ್ಡಿ ಊರಿಗೆ ಹೋಗಿದ್ದಿ. ಮಠದಾಗ ವಚನ ಹೇಳಿ ಮುಗಿದ ಮ್ಯಾಲ ಹಾಳಿ ಬಂತು. ಹೆಸರು ಹೇಳಬೇ ಅಂದ್ರು, ಹೇಳಿದೆ."

"ನಿಮ್ಮ ಹೆಸರು ಹೇಳಬೇಕಿತ್ತ್ರಿ."

"ದಾಸೋಹದ ಯಾದಿಯೊಳಗ ಎಂದಾರ ನನ್ನ ಹೆಸರು ಬರಸೇನೇನ? ಅವರಪ್ಪ ಲಿಂಗೈಕ್ಯ ಆದಾಗಿಂದ ಮನಿ ಹೆಸರು ಅಂವಂದ. ಒಂದ್ ಸೇರು ಗೋದಿ ಕೊಟ್ರೂ ಅವನ ಹೆಸರೀಲೆ ಕೊಟ್ಟೇನಿ. ತಪ್ಪಾತೇನ?"

ಶಿವಕುಮಾರ ಪೆನ್ನಿನ ಮುಚ್ಚಳ ತೆಗೆದ. "ನಾನ ಹೊಡೀಲೇನ್ರಿ?"

"ಬ್ಯಾಡ್ರಿ, ನನಗ ಕೊಡ್ರಿ."

ಈ ಮೂರು ವರ್ಷದಲ್ಲಿ ಆ ಹೆಸರನ್ನು ಅವಳು ಎಷ್ಟೋ ಅರ್ಜಿಗಳಲ್ಲಿ ಬರೆದಿದ್ದಳು. ಎಲ್ಲ ಕಡೆಯೂ ಅದು ಒಂಟಿಯಾಗಿ, ಕಾಣೆಯಾದವರ ಜಾಗದಲ್ಲಿ ನಿಲ್ಲುತ್ತಿತ್ತು. ಇಲ್ಲಿ ಮಾತ್ರ ಮೇಲೆ ಉದ್ದವ್ವ, ಕೆಳಗೆ ಅಣ್ಣಾಸಾಹೇಬ. ಮಠದ ಪಂಕ್ತಿಯಲ್ಲಿ ಓಣಿಯವರ ನಡುವೆ ಊಟಕ್ಕೆ ಕುಳಿತ ಹಾಗೆ ಇದ್ದ. ಅವಳ ಕೈ ಕಾಗದ ಮುಟ್ಟದೆ ನಿಂತಿತು.

"ಹೊಡಿ," ಎಂದಳು ಶೆಟ್ಟೆವ್ವ, ಕೋರ್ಟಿನ ಗೇಟು ನೋಡುತ್ತಾ. "ಹುಡಕಾಕ ಬೇಕಂದ್ರ ಹೊಡಿ. ಹೆಸರು ನನ್ನ ಮುಂದ ಓದಬ್ಯಾಡ."

ದಾಕ್ಷಾಯಿಣಿ ತೆಳ್ಳಗೆ ಒಂದು ಗೆರೆ ಎಳೆದಳು. ಅಕ್ಷರಗಳು ಅದರಡಿ ಕಾಣುತ್ತಲೇ ಇದ್ದವು. ಮೇಲೆ ಸಂದಿಯಲ್ಲಿ ಸಣ್ಣದಾಗಿ ಅತ್ತೆಯ ಹೆಸರು ಬರೆದಳು. ಅರ್ಧ ತಾಸಿನಲ್ಲಿ ಕಟ್ಟು ರಿಜಿಸ್ಟರ್ ಅಂಚೆಯಲ್ಲಿ ಹೋಯಿತು.

ಮಧ್ಯಾಹ್ನದ ಬಸ್ಸು ತುಂಬುತ್ತಿತ್ತು. ಮೂವರ ಸೀಟಿನಲ್ಲಿ ಕಿಟಕಿಗೆ ದಾಕ್ಷಾಯಿಣಿ ಕುಳಿತಳು, ಈಚೆ ತುದಿಗೆ ಶೆಟ್ಟೆವ್ವ. ನಡುವೆ ಮುದುಕಿ ತನ್ನ ಕೈಚೀಲ ಇಟ್ಟಳು.

"ಯವ್ವಾ, ಚೀಲ ತಗೀಬೇ, ಕುಂದರ್ತೇನಿ," ಎಂದ ಒಬ್ಬ.

"ಬರಾವ ಅದಾನೋ ಯಪ್ಪಾ."

ಅವನು ಗೊಣಗುತ್ತ ಹಿಂದಕ್ಕೆ ಹೋದ. ಕಂಡಕ್ಟರ್ ಸೀಟಿ ಊದಿದ, ಬಸ್ಸು ನಿಲ್ದಾಣ ದಾಟಿತು. ದಾಕ್ಷಾಯಿಣಿ ಚೀಲ ಎತ್ತಲಿಲ್ಲ. ತಿರುವಿನಲ್ಲಿ ಅದು ಜಾರದ ಹಾಗೆ ಅದರ ಮೇಲೆ ಕೈ ಇಟ್ಟಳು.