ಮೆಟ್ಟಿಲ ತಿರುವಿನ ಹಸಿರು ದೀಪ

ಗಾರ್ಗಿ ಹ್ಯೂಸ್ಟನ್ನಿಗೆ ಹೋಗಿದ್ದಾಗ ಅವಳ ಓದುವ ಮೇಜನ್ನು ಕೆಳಗಿನ ಕೋಣೆಯಿಂದ ಎತ್ತಿ, ಮಹಡಿಯ ಮೇಲಿನ ಬಟ್ಟೆ ಒಗೆಯುವ ಕೋಣೆಗೆ ಹಾಕಿದರು. ಅವಳನ್ನು ಕೇಳಲಿಲ್ಲ.

ಹಾಕಿಸಿದವರು ಚನ್ನಕೇಶವ ಅಂಕಲ್. ಹೊತ್ತವನು ಗಂಡ ತಿರುಮಲ. ಅಂಕಲ್ ಡಾಲಸ್ ಪಕ್ಕದ ಫ್ಲವರ್ ಮೌಂಡಿನವರು. ತಿರುಮಲ ಟೆಕ್ಸಾಸಿಗೆ ಹೊಸದಾಗಿ ಬಂದಾಗ ಕಾರಿಲ್ಲದೆ, ಮನೆಯಿಲ್ಲದೆ ಅವರಲ್ಲೇ ಉಂಡು ಮಲಗಿದ್ದವನು. ಹಾಗಾಗಿ ಅವರು ಹೇಳಿದ್ದಕ್ಕೆ ಎದುರಾಡಿ ಗೊತ್ತಿಲ್ಲ. ಕೆಲಸದಿಂದ ನಿವೃತ್ತರಾದ ಮೇಲೆ ಅಂಕಲ್ ವಾಸ್ತು ಹಿಡಿದಿದ್ದರು. ಡಾಲಸ್‌ನಿಂದ ಆಸ್ಟಿನ್‌ವರೆಗೆ ಪರಿಚಯದವರ ಯಾರ ಮನೆಗೆ ಹೋದರೂ ಬಾಗಿಲಲ್ಲೇ ನಿಂತು ಫೋನಿನಲ್ಲಿ ದಿಕ್ಸೂಚಿ ತೆರೆಯುತ್ತಿದ್ದರು. ಚಪ್ಪಲಿ ಬಿಡುವುದು, ಕಾಫಿ ಕುಡಿಯುವುದು ಎಲ್ಲ ಆಮೇಲೆ.

ಆಸ್ಟಿನ್ ಹತ್ತಿರದ ಸೀಡರ್ ಪಾರ್ಕಿನಲ್ಲಿ ತಿರುಮಲನ ಬೀದಿಯ ಮನೆಗಳೆಲ್ಲ ಒಂದೇ ಅಚ್ಚಿನವು. ಎದುರು ಮನೆಯವರಿಗೂ ಪಕ್ಕದ ಮನೆಯವರಿಗೂ ಅದೇ ಅಡುಗೆಮನೆ, ಅದೇ ಮೆಟ್ಟಿಲು. ಆದರೂ ದೋಷ ಕಂಡಿದ್ದು ತಿರುಮಲನ ಮನೆಯಲ್ಲಿ ಮಾತ್ರ, ಯಾಕೆಂದರೆ ಪ್ರಮೋಷನ್ ತಪ್ಪಿದ್ದು ಅವನಿಗೆ.

ಹ್ಯೂಸ್ಟನ್ನಿನಿಂದ ವಾಪಸಾದ ಗಾರ್ಗಿ ಬ್ಯಾಗನ್ನು ಹೆಗಲಿಂದ ಇಳಿಸದೆ ಖಾಲಿ ಕೋಣೆಯ ಬಾಗಿಲಲ್ಲಿ ನಿಂತಳು.

“ನನ್ನ ಮೇಜೆಲ್ಲಿ?”

“ಮೇಲಿದೆ,” ಎಂದ ತಿರುಮಲ. “ಈಶಾನ್ಯದಲ್ಲಿ ಭಾರ ಇರ್ಬಾರ್ದಂತೆ. ಅಂಕಲ್ ಹೇಳಿದ್ರು.”

“ನಾನು ಭಾರಾನಾ?”

“ನೀನಲ್ಲ ಕಣೇ! ಮೇಜು. ಆ ಪುಸ್ತಕಗಳು.”

“ಮತ್ತೆ ಇಲ್ಲಿ ಈಗ ಏನಿರತ್ತೆ?”

“ಏನೂ ಇಲ್ಲ. ಖಾಲಿ ಬಿಡ್ಬೇಕಂತೆ.” ಅವನು ಸ್ವಲ್ಪ ತಡೆದು ಸೇರಿಸಿದ: “ನನ್ನದೊಂದು ಚೇರ್ ಹಾಕ್ಕೊಂಡಿದೀನಿ, ಅಷ್ಟೇ.”

ಅಷ್ಟಕ್ಕೇ ಮುಗಿದಿರಲಿಲ್ಲ. ಹಾಲಿನಲ್ಲಿದ್ದ ವೈ-ಫೈ ರೌಟರನ್ನೂ ಕದಲಿಸಿದ್ದರು. ರೌಟರ್ ಮುಟ್ಟಿದರೆ ಬಿಸಿ, ಬಿಸಿಯೆಂದರೆ ಅಗ್ನಿ, ಅಗ್ನಿ ಇರಬೇಕಾದದ್ದು ಆಗ್ನೇಯದಲ್ಲಿ — ಇದು ಅಂಕಲ್ ಹಾಕಿದ ಲೆಕ್ಕ. ತಿರುಮಲ ಚಿಪ್ ವಿನ್ಯಾಸ ಮಾಡುವ ಎಂಜಿನಿಯರು. ಕೂದಲೆಳೆಗಿಂತ ಸಣ್ಣ ದಾರಿಗಳಲ್ಲಿ ವಿದ್ಯುತ್ತನ್ನು ಹೇಗೆ ಹರಿಸಬೇಕೆಂದು ಹಗಲೆಲ್ಲ ತಲೆ ಕೆಡಿಸಿಕೊಳ್ಳುವವನು. ಅಂಥವನು ಗೋಡೆಯಂಚಿಗೆ ಉದ್ದನೆಯ ಕೇಬಲ್ ಎಳೆದು, ಅಡುಗೆಮನೆಯ ಉಗ್ರಾಣದ ಮೂಲೆಯಲ್ಲಿ ಅಕ್ಕಿ, ತೊಗರಿಬೇಳೆ, ಹುರಿಗಡಲೆಯ ಸ್ಟೀಲ್ ಡಬ್ಬಿಗಳ ಹಿಂದೆ ರೌಟರನ್ನು ಕೂರಿಸಿದ್ದ. ಮೈಸೂರಿನಿಂದ ಸೂಟ್‌ಕೇಸಿನಲ್ಲಿ ಬಂದ ಡಬ್ಬಿಗಳು ಅವು. ಸ್ಟೀಲಿನ ಅಂಥ ಕೋಟೆ ದಾಟಿ ಯಾವ ಸಿಗ್ನಲ್ ತಾನೇ ಹೊರಬಂದೀತು?

ಗಾರ್ಗಿಯ ಹೊಸ ಜಾಗ ಮಹಡಿಯ ವಾಯವ್ಯದಲ್ಲಿತ್ತು. ಮನೆಯೊಳಗೆ ರೌಟರಿಗೆ ಅದಕ್ಕಿಂತ ದೂರದ ಮೂಲೆ ಇನ್ನೊಂದಿರಲಿಲ್ಲ.

ವಾರವಿಡೀ ಅವಳು ಒಂದು ಶಾಲೆಯ ಲೈಬ್ರರಿಯಲ್ಲಿ ಕೆಲಸ ಮಾಡುತ್ತಿದ್ದಳು. ಶನಿವಾರ ಬೆಳಗ್ಗೆ ಮಾತ್ರ ಅವಳದು. ಅಂದು ಓದುವ ಬಳಗದ ಹೆಂಗಸರು ವಿಡಿಯೊದಲ್ಲಿ ಸೇರುತ್ತಿದ್ದರು. ಒಬ್ಬಳು ಜೋರಾಗಿ ಓದಬೇಕು, ಉಳಿದವರು ಕೇಳಬೇಕು, ಕೊನೆಗೆ ಜಗಳವಾಡಬೇಕು. ಓದು ನಡೆಯುವಾಗ ಯಾರೂ ಯಾರನ್ನೂ ‘ಅಡುಗೆ ಆಯ್ತಾ’ ಎಂದು ಕೇಳುವಂತಿಲ್ಲ. ಅದು ಬಳಗದ ಏಕೈಕ ಕಾನೂನು. ದನಿ ಚೆನ್ನಾಗಿದೆಯೆಂದು ಓದುವ ಕೆಲಸ ಗಾರ್ಗಿಗೆ ಬಿದ್ದಿತ್ತು. ಮನೆಯಲ್ಲಿ ಅವಳ ಮಾತನ್ನು ಅರ್ಧಕ್ಕೆ ತುಂಡು ಮಾಡುವವರು ಬೇಕಾದಷ್ಟು ಜನ. ಇಲ್ಲಿ ಅಧ್ಯಾಯ ಮುಗಿಯುವ ತನಕ ಯಾರೂ ತುಟಿ ಬಿಚ್ಚುತ್ತಿರಲಿಲ್ಲ. ಅದಕ್ಕಾಗಿಯೇ ಅವಳು ಆರು ದಿನ ಕಾಯುತ್ತಿದ್ದಳು.

ಮೇಜು ಮಹಡಿ ಹತ್ತಿದ ಮೇಲಿನ ಮೊದಲ ಶನಿವಾರ, ಕಾದಂಬರಿಯ ಕಡೆಯ ಅಧ್ಯಾಯ ಎತ್ತಿಕೊಂಡ ಗಾರ್ಗಿ ತುಂಡು ತುಂಡಾಗಿ ಕೇಳಿಸಿ, ಕೊನೆಗೆ ಪರದೆಯ ಮೇಲೆ ಪೂರಾ ನಿಂತುಹೋದಳು. ಹ್ಯೂಸ್ಟನ್ನಿನ ಹರ್ಷಿಣಿ, ಮಕ್ಕಳ ಡಾಕ್ಟರು, ಧಾರವಾಡದವಳು, ಆ ಚಿತ್ರವನ್ನು ಹಿಡಿದು ಗುಂಪಿಗೆಲ್ಲ ಕಳಿಸಿದಳು. ಜೊತೆಗೆ ದನಿಯಲ್ಲಿ ಸಂದೇಶ:

“ಏನ್ರಿ ಗಾರ್ಗಿ, ತೆರದ ಬಾಯಿ ತೆರದಂಗ ನಿಂತ್ರಲ್ಲ! ಹಲ್ಲಿನ ಡಾಕ್ಟರಿಗೆ ಕಳಸ್ಲೇನು ಈ ಫೋಟೊ?” ನಗು ಮುಗಿದ ಮೇಲೆ ಮೆತ್ತಗೆ: “ಮುಂದಿನ ವಾರಾನೂ ಹಿಂಗ ಆತಂದ್ರ ಸಂಹಿತಾ ಓದ್ಲಿ ಬಿಡ್ರಿ. ಕಡೀ ಅಧ್ಯಾಯ, ಎಷ್ಟಂತ ಕಾಯೂದು?”

ಸಂಹಿತಾ ಬಳಗದವಳೇ, ಡಾಲಸ್ ಬಳಿಯ ಯೂಲೆಸ್‌ನಲ್ಲಿರುವ ವಿದ್ಯಾರ್ಥಿನಿ, ಒಳ್ಳೆಯ ಹುಡುಗಿ, ಚೆನ್ನಾಗಿಯೇ ಓದುತ್ತಾಳೆ. ಅದಕ್ಕೇ ಗಾರ್ಗಿ ತಡಮಾಡದೆ ಕೆಳಗಿಳಿದಳು.

“ರೌಟರ್ ವಾಪಸ್ ಹಾಲಿಗೆ ತಗೊಂಡ್ಬಾ,” ಎಂದಳು ಗಂಡನಿಗೆ.

“ಈ ತಿಂಗಳೊಂದು ಬಿಟ್ಬಿಡು, ಗಾರ್ಗಿ. ಆಫೀಸಲ್ಲಿ ರಿವ್ಯೂ ಇದೆ.” ಅವನ ಮುಖ ನಿಜಕ್ಕೂ ಸಣ್ಣಗಾಗಿತ್ತು. “ಬೇಕಾದ್ರೆ ಒಂದು ಎಕ್ಸ್‌ಟೆಂಡರ್ ಹಾಕ್ಕೊ. ಎಲ್ಲಾ ಕಡೆ ಬರತ್ತೆ.”

ಆ ಮಾತನ್ನು ಅವಳು ಜೋಪಾನವಾಗಿ ಎತ್ತಿಟ್ಟುಕೊಂಡಳು.

ಎಕ್ಸ್‌ಟೆಂಡರ್ ಎಂದರೆ ಅಂಗೈಯಲ್ಲಿ ಹಿಡಿಯುವಷ್ಟು ಬಿಳಿ ಪೆಟ್ಟಿಗೆ. ರೌಟರಿನ ಸಿಗ್ನಲ್ ಹಿಡಿದು ಮುಂದಕ್ಕೆ ದಾಟಿಸುತ್ತದೆ. ಭಾನುವಾರ ಗಾರ್ಗಿ ಡಬ್ಬಿಗಳನ್ನೆಲ್ಲ ಸರಿಸಿ, ಉಗ್ರಾಣದಲ್ಲೇ ಕಾಲು ಮಡಚಿ ಕೂತಳು. ಪೆಟ್ಟಿಗೆಯನ್ನು ಮೊದಲು ರೌಟರಿನ ಪಕ್ಕದ ಸಾಕೆಟ್ಟಿಗೇ ಚುಚ್ಚಿ ಪರಿಚಯ ಮಾಡಿಸಬೇಕಂತೆ. ಫೋನಿನ ಆ್ಯಪಿನಲ್ಲಿ ಮನೆಯ ವೈ-ಫೈ ಹೆಸರು ಆರಿಸಿ, ಪಾಸ್‌ವರ್ಡ್ ಹೊಡೆದಳು. ದೀಪ ಮಿಟುಕಿ ಮಿಟುಕಿ ಹಸಿರಾಗಿ ನಿಂತಿತು. ಇಷ್ಟೇನಾ ಎನ್ನಿಸಿತು ಅವಳಿಗೆ.

ಅಲ್ಲಿಂದ ಕಿತ್ತು, ಖುಷಿಯಿಂದ ಎರಡೆರಡು ಮೆಟ್ಟಿಲು ಹತ್ತಿ, ಬಟ್ಟೆ ಒಗೆಯುವ ಕೋಣೆಯಲ್ಲಿ ತನ್ನ ಮೇಜಿನ ಪಕ್ಕದಲ್ಲೇ ಚುಚ್ಚಿದಳು. ಕತ್ತಲಿರುವ ಕಡೆ ತಾನೇ ದೀಪ ಇಡುವುದು? ಫೋನಿನಲ್ಲಿ ಸಿಗ್ನಲ್ಲಿನ ಗೆರೆಗಳೆಲ್ಲ ತುಂಬಿ ನಿಂತವು. ಆದರೆ ಒಂದೇ ಒಂದು ಪುಟ ತೆರೆಯಲಿಲ್ಲ. ಪೆಟ್ಟಿಗೆಯ ದೀಪ ಕೆಂಪಾಗಿ ಅವಳನ್ನೇ ದುರುಗುಟ್ಟಿತು. ಆರಿಸಿ ಹಾಕಿದಳು, ಹಾಕಿ ಆರಿಸಿದಳು. ಕೆಂಪು ಕೆಂಪೇ.

ಒಣಗಿದ ಬಟ್ಟೆ ಒಯ್ಯಲು ಬಂದ ಮಗಳು ತನ್ವಿ ಒಂದು ಗಳಿಗೆ ನೋಡಿ, “ಅಮ್ಮಾ, ಇಟ್ ಕಾಂಟ್ ರಿಪೀಟ್ ವಾಟ್ ಇಟ್ ಕಾಂಟ್ ಹಿಯರ್,” ಎಂದಳು.

“ಕನ್ನಡದಲ್ಲಿ ಬೈಯಿ.”

“ಅದಕ್ಕೇ ರೌಟರ್ ಕೇಳಿಸ್ತಾ ಇಲ್ಲ. ಸೋ... ಅದು ಹೆಂಗ್ ಹೇಳತ್ತೆ? ಹಾಫ್‌ವೇ ಇಡ್ಬೇಕು.”

ಗಾರ್ಗಿ ನಕ್ಕುಬಿಟ್ಟಳು. ಗೆರೆಗಳು ತುಂಬಿವೆ, ಒಳಗೆ ಮಾತಿಲ್ಲ. ಅಂಥ ಜನರನ್ನು ಅವಳು ಎಷ್ಟು ಸಭೆಗಳಲ್ಲಿ ನೋಡಿದ್ದಳು!

ಆಮೇಲೆ ಪೆಟ್ಟಿಗೆ ಹಿಡಿದು ಮನೆಯೆಲ್ಲ ಸುತ್ತಿದಳು. ಊಟದ ಮೇಜಿನ ಹತ್ತಿರ ಚುಚ್ಚಿದರೆ ದೀಪ ಹಸಿರು, ಆದರೆ ಅಲ್ಲಿಂದ ಅವಳ ಕೋಣೆಗೆ ಮುಟ್ಟದು. ಮಹಡಿಯ ಓಣಿಯಲ್ಲಿ ಚುಚ್ಚಿದರೆ ಕಿತ್ತಳೆ. ಸಂಹಿತಾಗೆ ವಿಡಿಯೊ ಕರೆ ಮಾಡಿ ನೋಡಿದರೆ ಮತ್ತೆ ಅದೇ ಬಿಕ್ಕಳಿಕೆ. ಉಳಿದಿದ್ದು ಮೆಟ್ಟಿಲು ತಿರುಗುವ ಜಾಗದ ಸಾಕೆಟ್ಟು. ವ್ಯಾಕ್ಯೂಮ್ ಹಾಕುವಾಗ ಬಿಟ್ಟರೆ ಅದನ್ನು ಯಾರೂ ಬಳಸುತ್ತಿರಲಿಲ್ಲ. ಚುಚ್ಚಿದಳು. ಕೆಂಪು, ಕಿತ್ತಳೆ, ಹಸಿರು. ಮೇಲೆ ಓಡಿಹೋಗಿ ನೋಡಿದರೆ ಪುಟಗಳು ಬಾಗಿಲು ತೆರೆದಂತೆ ತೆರೆದವು.

ಆ ತಿರುವಿನಲ್ಲೇ, ಸಾಕೆಟ್ಟಿನ ಕೆಳಗೆ, ಅಂಕಲ್ ಒಂದು ಪುಟ್ಟ ತಾಮ್ರದ ಪಿರಮಿಡ್ ಇಟ್ಟು ಹೋಗಿದ್ದರು. ಅದು ಮನೆಯ ನಟ್ಟನಡು, ಬ್ರಹ್ಮಸ್ಥಾನ. ಮೆಟ್ಟಿಲು ಬಂದಿರುವುದೇ ದೋಷ. ಇನ್ನು ಅಲ್ಲಿ ಒಂದು ಮೊಳೆಯನ್ನೂ ಹೊಡೆಯಕೂಡದು ಎಂದು ಅವರ ಅಪ್ಪಣೆ.

ಸಂಜೆ ಮೆಟ್ಟಿಲು ಹತ್ತುತ್ತಿದ್ದ ತಿರುಮಲ ಕಾಲು ಸುಟ್ಟವನಂತೆ ನಿಂತ. “ಅಯ್ಯೋ, ಇಲ್ಲಾ! ಬೇರೆ ಕಡೆ ಹಾಕೇ.”

“ಬೇರೆ ಕಡೆ ಅದಕ್ಕೆ ಕೇಳಿಸಲ್ಲ. ನೀನೇ ಅಲ್ವಾ ಹೇಳಿದ್ದು, ಎಕ್ಸ್‌ಟೆಂಡರ್ ಹಾಕ್ಕೊ ಅಂತ?”

“ಅಂಕಲ್‌ಗೆ ಗೊತ್ತಾದ್ರೆ...”

“ಅವ್ರ ಪಿರಮಿಡ್ ಮುಟ್ಟಿಲ್ಲ ನಾನು. ಇಬ್ರೂ ಆರಾಮಾಗಿದಾರೆ, ನೋಡು.”

ಮರುದಿನ ಮಹಡಿಯ ಮಲಗುವ ಕೋಣೆಯಿಂದ ತಿರುಮಲ ಮಾಡಿದ ಆಫೀಸಿನ ಕರೆ ಒಮ್ಮೆಯೂ ಕಡಿಯಲಿಲ್ಲ. ಅದರ ಮರುದಿನವೂ. ಮೆಟ್ಟಿಲು ಹತ್ತುವಾಗ ಅವನು ಹಸಿರು ದೀಪದ ಕಡೆ ಓರೆಗಣ್ಣು ಹಾಯಿಸಿ ಮುಂದೆ ಹೋಗುವುದನ್ನು ಕಲಿತ.

ಗಾರ್ಗಿಗೆ ಆ ವಾರ ಹಿತವಾಗಿ ಕಳೆಯಿತು. ಬಟ್ಟೆ ಒಗೆಯುವ ಕೋಣೆಗೆ ಒಂದು ಕಿಟಕಿಯಿತ್ತು, ಅದರಾಚೆ ಓಕ್ ಮರವಿತ್ತು. ಡ್ರೈಯರ್ ತಿರುಗುವಾಗ ಬೆನ್ನಿಗೆ ಬೆಚ್ಚಗಾಗುತ್ತಿತ್ತು. ಬಾಗಿಲು ಮುಚ್ಚಿಕೊಂಡರೆ, ಒಳಗಿರುವವಳು ಬಟ್ಟೆ ಮಡಚುತ್ತಿದ್ದಾಳೆಂದುಕೊಂಡು ಯಾರೂ ತಟ್ಟುತ್ತಿರಲಿಲ್ಲ. ಕೋಣೆ ಅವಳಿಗೆ ಹಿಡಿಸಿತು. ಹಿಡಿಸಿತು ಎಂದ ಮಾತ್ರಕ್ಕೆ, ಕೇಳದೆ ಹಾಕಿದ್ದು ಸರಿ ಎಂದಾಗಲಿಲ್ಲ. ಈ ಎರಡನ್ನೂ ಬೆರೆಸದೆ ಬೇರೆ ಬೇರೆ ಇಟ್ಟುಕೊಳ್ಳುವುದು ಅವಳಿಗೆ ಗೊತ್ತಿತ್ತು.

ಶನಿವಾರ ಬಂತು. ಸೀಡರ್ ಪಾರ್ಕಿನಲ್ಲಿ ಯಾರದೋ ಗೃಹಪ್ರವೇಶಕ್ಕೆಂದು ಹೊರಟಿದ್ದ ಚನ್ನಕೇಶವ ಅಂಕಲ್ ದಾರಿಯಲ್ಲಿ ಇಲ್ಲಿಗೂ ಬಂದರು. ಉಪ್ಪಿಟ್ಟನ್ನು ತಿರುಮಲನೇ ಮಾಡಿದ್ದ. ಶನಿವಾರ ಬೆಳಗ್ಗೆ ಗಾರ್ಗಿ ಒಲೆ ಮುಟ್ಟುತ್ತಿರಲಿಲ್ಲ. ಅವಳು ಮೇಲೆ ಓದುತ್ತಿದ್ದಳು. ಕಡೆಯ ಅಧ್ಯಾಯ ಅರ್ಧ ದಾಟಿತ್ತು. ಪರದೆಯಲ್ಲಿ ಹರ್ಷಿಣಿ ಗಲ್ಲಕ್ಕೆ ಕೈಕೊಟ್ಟು ಕೂತಿದ್ದಳು. ಸಂಹಿತಾ ಕಣ್ಣು ಮುಚ್ಚಿದ್ದಳು. ಒಂದು ಅಕ್ಷರವೂ ಬಿಕ್ಕಳಿಸಿರಲಿಲ್ಲ.

ಆಗ ಮೆಟ್ಟಿಲಲ್ಲಿ ಸಿಡಿಲು ಬಿತ್ತು.

“ಏನಯ್ಯಾ ಇದು ತಿರುಮಲ? ಬ್ರಹ್ಮಸ್ಥಾನದ ಎದೆಗೇ ತಂದು ಚುಚ್ಚಿದೀಯಲ್ಲೋ!”

“ನಾನಲ್ಲ ಅಂಕಲ್. ಅದು ವೈ-ಫೈಗೆ...”

“ಅದಕ್ಕೇ ಮತ್ತೆ! ನಾನು ಅಷ್ಟು ದೂರದಿಂದ ಬಂದು ಎಲ್ಲಾ ಸರಿ ಮಾಡಿಟ್ಟು ಹೋಗಿದೀನಿ. ಇಲ್ಲಿ ನೋಡಿದ್ರೆ ಬೆಂಕಿ ತಂದು ನಡುಮನೇಲಿ ಇಟ್ಟಿದೀರ.”

“ತೆಗೀಲಾ ಅಂಕಲ್?” ತಿರುಮಲನ ದನಿ ಕುಗ್ಗಿತ್ತು.

“ನೀನು ತೆಗೆದ್ರೆ ಪ್ರಯೋಜನ ಇಲ್ಲ. ಇಟ್ಟೋಳು ಮನೆ ಗೃಹಿಣಿ. ಅವಳ ಕೈಯಿಂದ್ಲೇ ತೆಗೀಬೇಕು, ಆಗ್ಲೇ ದೋಷ ಹೋಗೋದು. ಗಾರ್ಗೀ! ಬಾಮ್ಮ ಇಲ್ಲಿ.”

ಗಾರ್ಗಿ ಓದು ನಿಲ್ಲಿಸಿದಳು. ಲ್ಯಾಪ್‌ಟಾಪನ್ನು ಒಂದು ಕೈಯಲ್ಲಿ, ಪುಸ್ತಕವನ್ನು ಇನ್ನೊಂದರಲ್ಲಿ ಹಿಡಿದು ಹೊರಬಂದಳು. ಮೆಟ್ಟಿಲ ತಿರುವಿನಲ್ಲಿ ಅಂಕಲ್ ಕೆಂಪಗಾಗಿ ನಿಂತಿದ್ದರು. ಅವರ ಹಿಂದೆ ತಿರುಮಲ ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡಿದ್ದ. ಇಬ್ಬರ ಮಧ್ಯೆ ಹಸಿರು ದೀಪ ತನ್ನ ಪಾಡಿಗೆ ಬೆಳಗುತ್ತಿತ್ತು.

“ನಮಸ್ಕಾರ ಅಂಕಲ್. ಪ್ರಯಾಣ ಆರಾಮಾಗಾಯ್ತಾ?”

“ಅದೆಲ್ಲ ಇರ್ಲಿ. ಇದನ್ನ ನಿನ್ನ ಕೈಯಾರೆ ತೆಗೆದ್ಬಿಡಮ್ಮ. ನಿನ್ನ ಗಂಡನ ಏಳಿಗೆ ಪ್ರಶ್ನೆ.”

“ಅಂಕಲ್, ನನ್ನ ಮೇಜು ಎತ್ತುವಾಗ ನನ್ನ ಕೈ ಬೇಕಾಗ್ಲಿಲ್ಲ. ಇದನ್ನ ಕೀಳೋಕೆ ಮಾತ್ರ ನನ್ನ ಕೈಯೇ ಬೇಕಾ?”

ಅಂಕಲ್ ತಿರುಮಲನ ಕಡೆ ತಿರುಗಿದರು. ತಿರುಮಲ ಉಪ್ಪಿಟ್ಟಿನಲ್ಲಿದ್ದ ಗೋಡಂಬಿಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ. ಮತ್ತೆ ತಲೆಯೆತ್ತಿ, ಮೆಲ್ಲಗೆ, “ಅವಳನ್ನ ಒಂದ್ಮಾತು ಕೇಳ್ಬೇಕಿತ್ತು ಅಂಕಲ್, ನಾವು,” ಎಂದ.

ಲ್ಯಾಪ್‌ಟಾಪಿನೊಳಗಿಂದ ಹರ್ಷಿಣಿಯ ದನಿ ಮೆಟ್ಟಿಲ ತುಂಬ ಹರಡಿತು, ಒಂದಿಷ್ಟೂ ಕಡಿಯದೆ: “ನಮಸ್ಕಾರ್ರಿ ಅಂಕಲ್! ಇನ್ನ ಸ್ವಲ್ಪ ಉಳದದರಿ. ನೀವೂ ಕುಂದರ್‍ರಿ, ಕೇಳ್ರಿ. ಉಪ್ಪಿಟ್ಟು ಆಮ್ಯಾಲ ತಿಂದ್ರಾತು.”

ಯಾರೋ ಕಿಸಕ್ಕೆಂದರು. ಮಹಡಿಯ ಕಂಬಿಗೆ ಒರಗಿ ನಿಂತಿದ್ದ ತನ್ವಿಯೇ ಇರಬೇಕು.

“ತಮಾಷೆ ಅಲ್ಲ ಇದು,” ಎಂದರು ಅಂಕಲ್. “ದೊಡ್ಡೋನು, ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ. ತೆಗಿಯಮ್ಮ.”

ಗಾರ್ಗಿ ಮೆಟ್ಟಿಲು ಇಳಿದು ಬಂದು, ಮನೆಯ ನಟ್ಟನಡುವೆ, ಹಸಿರು ದೀಪದ ಪಕ್ಕದಲ್ಲೇ ಕುಳಿತಳು. ಲ್ಯಾಪ್‌ಟಾಪನ್ನು ಮೊಣಕಾಲ ಮೇಲಿಟ್ಟುಕೊಂಡು ಪುಸ್ತಕ ಬಿಚ್ಚಿದಳು. ಅಂಕಲ್ ಕೂರಲಿ ಎಂದು ಪಕ್ಕಕ್ಕೆ ಒಂದಿಷ್ಟು ಸರಿದು ಜಾಗವನ್ನೂ ಮಾಡಿದಳು.

“ತೆಗಿಯಲ್ಲ, ಅಂಕಲ್,” ಎಂದಳು.