ಕುರ್ಚಿಯಲ್ಲಿ ಇಳಿದ ಮೇಸ್ತ್ರಿಯಮ್ಮ

ಮೂರನೇ ಮಹಡಿಯ ಮೇಸ್ತ್ರಿಯಮ್ಮ ಗಾರೆ ಕೆಲಸ ಕಂಡವರಲ್ಲ. ಬಿಸ್ಕತ್ತು ಕಾರ್ಖಾನೆಯಲ್ಲಿ ಪೊಟ್ಟಣ ಕಟ್ಟಿ ಕಟ್ಟಿ ನಿವೃತ್ತರಾದವರು. ಆ ಹೆಸರು ಅವರಿಗೆ ಬಂದದ್ದು ಕಟ್ಟಡದ ಮೆಟ್ಟಿಲುಗಳಿಂದ. ಲಿಫ್ಟ್ ಇಲ್ಲದ ಹಳೆಯ ಕಟ್ಟಡ, ಮೆಟ್ಟಿಲೋ ಇಕ್ಕಟ್ಟು. ಯಾರ ಮನೆಗೆ ಬೀರು ಬರಲಿ, ಯಾರ ಮನೆಯಿಂದ ಫ್ರಿಜ್ಜು ಹೋಗಲಿ, ಮೆಟ್ಟಿಲ ಬಳಿ "ಕೈ ಬೇಕು!" ಎಂಬ ಕೂಗು ಏಳುತ್ತಿತ್ತು. ಕೇಳಿಸಿಕೊಂಡವರು ಒಲೆ ಆರಿಸಿಯಾದರೂ ಬರಬೇಕು, ಅದು ಅಲ್ಲಿನ ಕಟ್ಟಲೆ. ಎಲ್ಲರೂ ಕೈ ಹಾಕಿದರೆ ಮೇಸ್ತ್ರಿಯಮ್ಮ ಬಾಯಿ ಹಾಕುತ್ತಿದ್ದರು. ಮೇಲಿನ ಮೆಟ್ಟಿಲಲ್ಲಿ ಕೆಳಮುಖವಾಗಿ ನಿಂತು, "ಎಡಕ್ಕೆ... ಇನ್ನೊಂಚೂರು ಎಡಕ್ಕೆ... ಹಾಂ, ಎತ್ತಿ!" ಎಂದು ಗದರುತ್ತಿದ್ದರು. ಅವರ ಎಡವೇ ಕಟ್ಟಡದ ಎಡ. ಹೊರುವವನು ತನ್ನ ಎಡ ಎಲ್ಲಿದೆ ಎಂದು ಯೋಚಿಸುವ ಹಾಗೇ ಇರಲಿಲ್ಲ.

ಅಂಥವರು ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡರು. ಅದೂ ಯಾವ ಹೊತ್ತಿನಲ್ಲಿ? ಒಬ್ಬಳೇ ಮಗಳು ಸಿಟಿ ಬಸ್ಸಿನ ಚಾಲಕಿಯಾಗಿ ಮೊದಲ ಸಲ ಸ್ಟಿಯರಿಂಗ್ ಹಿಡಿಯುವ ಹೊತ್ತಿನಲ್ಲಿ! ಮಗಳ ಬಸ್ಸು ಬರುವುದು ಇದೇ ಬೀದಿಯಲ್ಲಿ, ನಿಲ್ಲುವುದು ಕಟ್ಟಡದ ಎದುರಿನ ನಿಲ್ದಾಣದಲ್ಲಿ.

"ಅಮ್ಮಾ, ನೀನು ನೋಡಬೇಕಿತ್ತು," ಎಂದು ಬೆಳಿಗ್ಗೆ ಹೊರಡುವಾಗ ಮಗಳು ಮುಖ ಸಣ್ಣದು ಮಾಡಿದ್ದಳು.

"ಬಸ್ಸು ಅಂದ್ರೆ ಬಸ್ಸು, ಅದರಲ್ಲೇನಿದೆ ನೋಡೋಕೆ? ಹೋಗು, ತಡ ಆಗುತ್ತೆ," ಎಂದು ತಾಯಿ ಸಾಗಹಾಕಿದ್ದರು.

ಹೇಳಿದ್ದೇನೋ ಹಾಗೆ. ಮಗಳು ಅತ್ತ ಹೋದದ್ದೇ ತಡ, ಊರುಗೋಲು ಹಿಡಿದು ಎದ್ದು, ಹೊರಗೆ ಹೋಗುವಾಗ ಉಡುವ ಒಳ್ಳೆಯ ಬಟ್ಟೆ ಉಟ್ಟು, ಸರಿಯಿದ್ದ ಕಾಲಿಗೆ ಚಪ್ಪಲಿ ಮೆಟ್ಟಿ, ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತುಬಿಟ್ಟರು. ಮನೆಯ ಕಿಟಕಿಗಳೆಲ್ಲ ಹಿಂಬದಿಯ ಗೋಡೆಗೆ ತೆರೆಯುತ್ತಿದ್ದವು. ಬೀದಿ ಕಾಣಬೇಕೆಂದರೆ ಕೆಳಗಿಳಿಯಲೇಬೇಕು. ಇಳಿಸಿ ಎಂದು ಯಾರನ್ನಾದರೂ ಕೇಳಬಹುದಿತ್ತು. ಆದರೆ ಕೇಳುವುದೊಂದು ಅವರ ಜಾಯಮಾನದಲ್ಲೇ ಇರಲಿಲ್ಲ. ಗಂಡ ತೀರಿಕೊಂಡಾಗ ಮಗಳ ಹಾಲುಹಲ್ಲು ಬಿದ್ದಿರಲಿಲ್ಲ. ಯಾರ ಮುಂದೆಯೂ ಕೈಯೊಡ್ಡದೆ, ಯಾರ ಹಂಗಿಗೂ ಬೀಳದೆ, ಒಬ್ಬಳೇ ಸಾಕಿದೆ ಎಂಬುದೇ ಅವರ ಆಸ್ತಿ. ಆ ಆಸ್ತಿಯನ್ನು ಮೂರು ಮಹಡಿ ಮೆಟ್ಟಿಲಿಗಾಗಿ ಮಾರುವುದುಂಟೇ?

ಪ್ಲಾಸ್ಟರ್ ನೋಡಲು ಬಂದ ಎರಡನೇ ಮಹಡಿಯ ನರ್ಸು ಬಾಗಿಲಲ್ಲೇ ನಿಂತಳು.

"ಏನಮ್ಮಾ, ಯಾರ ಮದುವೆಗೆ ಸವಾರಿ?"

"ಸುಮ್ನೆ ಕೂತಿದೀನಿ. ಕೂರೋಕೂ ಅಪ್ಪಣೆ ಬೇಕಾ?"

ನರ್ಸು ಚಪ್ಪಲಿ ನೋಡಿದಳು, ಗೋಡೆಯ ಗಡಿಯಾರ ನೋಡಿದಳು. ನೇರ ಮೆಟ್ಟಿಲ ಕಟಕಟೆಗೆ ಬಗ್ಗಿ, ಕಟ್ಟಡವೆಲ್ಲ ಅದುರುವಂತೆ "ಕೈ ಬೇಕು!" ಎಂದು ಕೂಗಿದಳು.

ಮೊದಲು ಬಂದವರು ನೆಲಮಹಡಿಯ ಗಡಿಯಾರ ರಿಪೇರಿಯವರು. ನೀರಿನ ಪಂಪಿನ ವಿಷಯಕ್ಕೆ ಮೇಸ್ತ್ರಿಯಮ್ಮನಿಗೂ ಅವರಿಗೂ ವರ್ಷಗಟ್ಟಲೆಯಿಂದ ಎಣ್ಣೆ ಸೀಗೆಕಾಯಿ. ಹೆಗಲ ಮೇಲೆ ಹಗ್ಗ ಬೇರೆ ಹಾಕಿಕೊಂಡು ಬಂದಿದ್ದರು. ಅವರ ಹಿಂದೆಯೇ ಮೊದಲ ಮಹಡಿಯ ಟೈಲರ್ ಅಣ್ಣತಮ್ಮಂದಿರು.

"ಏನು ಇಳಿಸ್ಬೇಕು? ಬೀರುವಾ?"

"ನಮ್ಮ ಮೇಸ್ತ್ರಿಯಮ್ಮನ್ನ."

"ಅಯ್ಯೋ, ಬೀರುನೇ ವಾಸಿ. ಅದು ಬಾಯಿ ತೆಗೆಯಲ್ಲ."

"ನನ್ನನ್ನ ಯಾರೂ ಹೊರೋದು ಬೇಡ!" ಎಂದು ಮೇಸ್ತ್ರಿಯಮ್ಮ ಕಿಡಿಯಾದರು.

"ಸರಿ ಬಿಡಿ, ಬಸ್ಸೇ ಮೂರನೇ ಮಹಡಿಗೆ ಬರುತ್ತೆ," ಎಂದಳು ನರ್ಸು.

ಮೇಸ್ತ್ರಿಯಮ್ಮ ಊರುಗೋಲನ್ನು ಗೋಡೆಗೆ ಒರಗಿಸಿಬಿಟ್ಟರು. ನಾಲ್ವರೂ ಕುರ್ಚಿಗೆ ಕೈ ಹಾಕಿದರು. ಪ್ಲಾಸ್ಟರ್ ಕಾಲು ಮುಂದಕ್ಕೆ ಚಾಚಿಕೊಂಡಿದ್ದರಿಂದ ಅವರನ್ನು ಮೇಲ್ಮುಖವಾಗಿ ಕೂರಿಸಿ, ಬೆನ್ನು ಮುಂದಾಗಿ ಇಳಿಸಬೇಕಾಯಿತು. ಎರಡನೇ ಮಹಡಿಯ ತಿರುವಿನವರೆಗೂ ಎಲ್ಲ ಸಸೂತ್ರ. ತಿರುವು ಬಂತೋ ಇಲ್ಲವೋ, ಹಳೆಯ ಅಭ್ಯಾಸ ಬಾಯಿಗೆ ಬಂತು: "ಎಡಕ್ಕೆ! ಇನ್ನೊಂಚೂರು ಎಡಕ್ಕೆ!"

ಮೇಲೆ ನಿಂತು ಹೇಳುವಾಗಿನ ಎಡವೇ ಬೇರೆ, ಮೇಲ್ಮುಖವಾಗಿ ಕೂತಾಗಿನ ಎಡವೇ ಬೇರೆ. ಅದು ಅವರಿಗೂ ಹೊಳೆಯಲಿಲ್ಲ, ಹೊತ್ತವರಿಗೂ ಹೊಳೆಯಲಿಲ್ಲ. ನಾಲ್ವರೂ ವರ್ಷಗಳ ವಿಧೇಯತೆಯಿಂದ ಕಟ್ಟಡದ ಎಡಕ್ಕೇ ನೂಕಿದರು. ಕುರ್ಚಿ ಗೋಡೆಗೆ ಕಚ್ಚಿಕೊಂಡಿತು, ಪ್ಲಾಸ್ಟರ್ ಕಾಲು ಕಟಕಟೆಯ ಸರಳುಗಳ ನಡುವೆ ಸಿಕ್ಕಿಕೊಂಡಿತು.

"ಎಡಕ್ಕೆ ಅಂದ್ರೆ ಬಲಕ್ಕೆ ತಳ್ತೀರಲ್ರೀ! ಅಲ್ಲಿ ಬಸ್ಸು ಬಂದು ಹೋಗುತ್ತೆ!" ಮೇಸ್ತ್ರಿಯಮ್ಮನ ದನಿ ಒಡೆಯಿತು. ಕಟ್ಟಡದಲ್ಲಿ ಯಾರೂ ಆ ದನಿ ಕೇಳಿದ್ದೇ ಇಲ್ಲ.

"ಅಕ್ಕಾ, ಒಂದು ನಿಮಿಷ ಸುಮ್ನಿರಿ," ಎಂದರು ಗಡಿಯಾರದವರು. ಅವರೂ ಇಷ್ಟು ಮೆತ್ತಗೆ ಎಂದೂ ಮಾತಾಡಿದವರಲ್ಲ. "ಈ ತಿರುವು ನಂಗೆ ಬಿಡಿ. ನೀವು ಶಿಫ್ಟಿಗೆ ಹೋದಾಗ ನಿಮ್ಮ ಮಗಳ ಸೈಕಲ್ನ ದಿನಾ ಇಲ್ಲೇ ಇಳಿಸಿದೋನು ನಾನು. ಹಿಂದೆ ಓಡಿ ಓಡಿ ಕಲಿಸಿದೋನೂ ನಾನೇ."

"ಸೈಕಲ್ಲಾ? ತಾನೇ ಕಲಿತೆ ಅಂದಿದ್ಲಲ್ಲ!"

"ನಿಮಗೆ ಹೇಳ್ಬೇಡಿ ಅಂತ ಆಣೆ ಹಾಕಿಸ್ಕೊಂಡಿದ್ಲು," ಎಂದು ದೊಡ್ಡ ಟೈಲರ್ ಉಸಿರು ಬಿಡುತ್ತಾ ನಕ್ಕ. "ಅಮ್ಮಂಗೆ ಬೇಜಾರಾಗುತ್ತೆ, ಯಾರ ಹತ್ರಾನೂ ಏನೂ ತಗೋಬಾರ್ದು ಅಂದಿದ್ದಾರೆ, ಅಂತ. ಊಟ ಮಾತ್ರ ದಿನಾ ನಮ್ಮನೇಲಿ!"

"ಹಾಗಾದ್ರೆ ನಾನು ಮುಚ್ಚಿಟ್ಟು ಹೋಗ್ತಿದ್ದ ಅನ್ನ?"

"ಅದನ್ನ ಇವನು ತಿಂತಿದ್ದ," ಎಂದು ಅಣ್ಣ ಗದ್ದದಿಂದಲೇ ತಮ್ಮನನ್ನು ತೋರಿಸಿದ. "ನಿಮ್ಮ ಕೈರುಚಿ ಅಂದ್ರೆ ಪ್ರಾಣ."

ನರ್ಸು ಬಗ್ಗಿ ಕಾಲನ್ನು ಮೆಲ್ಲಗೆ ಬಿಡಿಸಿದಳು. ಗಡಿಯಾರದವರು "ಇತ್ತ... ಹಾಂ, ಎತ್ತಿ!" ಎಂದರು. ಕುರ್ಚಿ ತಿರುಗಿತು. ಮೇಸ್ತ್ರಿಯಮ್ಮನಿಗೆ ಮೊದಲು ಬಂದದ್ದು ಸಿಟ್ಟು. ಇಷ್ಟು ವರ್ಷ ತಮ್ಮೊಬ್ಬರದೇ ಎಂದುಕೊಂಡಿದ್ದ ಆಸ್ತಿಗೆ ಮಹಡಿಗೊಬ್ಬರಂತೆ ಪಾಲುದಾರರು! ಆದರೆ ಬೆವರಿಳಿಯುತ್ತಿದ್ದ ನಾಲ್ಕು ಮುಖಗಳನ್ನು ನೋಡುತ್ತಾ ನೋಡುತ್ತಾ ಆ ಸಿಟ್ಟು ಎಲ್ಲಿ ಇಳಿದುಹೋಯಿತೋ ಅವರಿಗೇ ತಿಳಿಯಲಿಲ್ಲ. ಉಳಿದ ಮೆಟ್ಟಿಲುಗಳನ್ನು ಅವರು ಬಾಯಿ ಮುಚ್ಚಿಕೊಂಡೇ ಇಳಿದರು.

ಅವರನ್ನು ನಿಲ್ದಾಣದ ಪಕ್ಕ ಇಳಿಸುವುದಕ್ಕೂ ಬಸ್ಸು ಮೂಲೆ ತಿರುಗುವುದಕ್ಕೂ ಸರಿಹೋಯಿತು. ಇಸ್ತ್ರಿ ಮಾಡಿದ ಸಮವಸ್ತ್ರ, ಬಿಗಿಯಾಗಿ ಕಟ್ಟಿದ ಕೂದಲು, ಎರಡೂ ಕೈ ಸ್ಟಿಯರಿಂಗ್ ಮೇಲೆ. ಕುರ್ಚಿಯನ್ನು ಕಂಡ ಮಗಳು ಕತ್ತನ್ನು ಇನ್ನಷ್ಟು ಎತ್ತಿದಳು. ಕೈ ಬೀಸಲಿಲ್ಲ, ಕೆಲಸದ ಹೊತ್ತು. ಜನ ಹತ್ತಿದರು, ಬಾಗಿಲು ಮುಚ್ಚಿತು. ಅಡ್ಡಾದಿಡ್ಡಿ ನಿಂತಿದ್ದ ವ್ಯಾನಿಗೆ ಕೂದಲೆಳೆಯಷ್ಟೂ ಸೋಕಿಸದೆ ಅಷ್ಟು ದೊಡ್ಡ ಬಸ್ಸನ್ನು ಪಕ್ಕದಿಂದ ನುಸುಳಿಸಿಕೊಂಡು ಹೊರಟೇಬಿಟ್ಟಳು.

"ಭಲೇ! ಯಾರ ಮಗಳಪ್ಪಾ ಇವಳು?" ಎಂದಳು ಮುಂದಿನ ಬಸ್ಸಿಗೆ ಕಾಯುತ್ತಿದ್ದ ಹೆಂಗಸು.

"ನಮ್ಮ ಹುಡುಗಿ!" ಎಂದು ನಾಲ್ವರೂ ಒಂದೇ ಸಲ ಬಾಯಿಬಿಟ್ಟರು. ಆಮೇಲೆ ನಾಲಿಗೆ ಕಚ್ಚಿಕೊಂಡು ಮೇಸ್ತ್ರಿಯಮ್ಮನ ಕಡೆ ನೋಡಿದರು.

ಹೆಂಗಸಿಗೆ ಗೊಂದಲವಾಯಿತು. "ಮತ್ತೆ ಈ ಅಮ್ಮ ಯಾರು?"

"ನಾನಾ? ನಾನು ಹೆತ್ತೆ," ಎಂದರು ಮೇಸ್ತ್ರಿಯಮ್ಮ, ಕಣ್ಣೊರೆಸಿಕೊಳ್ಳುವುದನ್ನೂ ಮರೆತು. "ಬೆಳೆಸಿದ್ದು ಇವರೆಲ್ಲ. ಆದರೆ ಆ ಕತ್ತು ನೋಡಿದ್ರಾ, ಹೇಗೆ ಎತ್ತಿ ಹಿಡಿದಿದ್ದಳು! ಅದು ಮಾತ್ರ ನಂದು."